ಮಾಲೀಕರೇ ನೋಡದ ಮೂವತ್ತೆಂಟು ಜಾಲತಾಣ

ಬೆಳಗಿನ ಐದು ಗಂಟೆ. ಆಟ್ಲೀ ರೇಬರ್ ಅವರ ಬಡಗಿ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್ ಇನ್ನೂ ಶುರುವಾಗಿಲ್ಲ. ಶುರುವಾದರೆ ಮುಗಿಯಿತು, ಗರಗಸ, ರಂದ, ಕೊರೆಯುವ ಯಂತ್ರ ಎಲ್ಲ ಒಟ್ಟಿಗೆ ಕೂಗತೊಡಗಿ ಪಕ್ಕದವರ ಮಾತೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ರೊಂಡಾ ವಿಟ್‌ಮರ್ ಇಷ್ಟು ಬೇಗ ಬಂದಿದ್ದಾರೆ. ಗ್ಯಾಸ್ ದೀಪದ ಕೆಳಗೆ ಓಕ್ ಮರದ ಹುಡಿಯ ಮೇಲೆ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೈಯಲ್ಲಿರುವ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಸುತ್ತ ಆರು ಜನ ಕಾಫಿ ಲೋಟ ಹಿಡಿದು, ಚರ್ಚಿನಲ್ಲಿ ಕೂತಷ್ಟೇ ಗಂಭೀರವಾಗಿ ಕೇಳುತ್ತಿದ್ದಾರೆ.

"'ನಮ್ಮ ಬೆಂಚುಗಳು ತಲೆಮಾರುಗಟ್ಟಲೆ ಬಾಳುತ್ತವೆ...'"

"ನಿಲ್ಸು ನಿಲ್ಸು," ಎಂದು ಆಟ್ಲೀ ಕೈ ಎತ್ತುತ್ತಾರೆ. "ತಲೆಮಾರು ಅಂತ ನಿಂಗ್ಯಾರು ಹೇಳಿದ್ದು? ನಾನು ಬೆಂಚು ಮಾಡೋಕೆ ಶುರು ಮಾಡಿ ಹತ್ತೊಂಬತ್ತು ವರ್ಷ ಆಯ್ತು, ಅಷ್ಟೇ. ಮುಂದಿನ ತಲೆಮಾರು ಕಂಡು ಬಂದಿದ್ದೀಯಾ ನೀನು?"

"ಸರಿ ಮಾರಾಯ, ಏನು ಬರೀಲಿ ಹೇಳು."

"ಮೊದಲ್ನೇ ಬೆಂಚು ನಮ್ಮ ಅಡುಗೆಮನೇಲೇ ಇದೆ, ಹತ್ತೊಂಬತ್ತು ವರ್ಷ ಆಯ್ತು, ಇನ್ನೂ ಅಲ್ಲಾಡಿಲ್ಲ ಅಂತ ಬರಿ."

"ಅಲ್ಲಾಡಿತ್ತು," ಎನ್ನುತ್ತಾರೆ ಮೂಲೆಯಿಂದ ಆಟ್ಲೀ ಅವರ ತಂಗಿ ವರ್ನಾ. ಪೀಠೋಪಕರಣಕ್ಕೆ ಎಣ್ಣೆ ಹಚ್ಚಿ ಹೊಳಪು ಕೊಡುವ ಕೆಲಸ ಈಕೆಯದು. "ನೀನೇ ಅದರ ಮೇಲೆ ಹತ್ತಿ ದೀಪ ಕಟ್ತಿದ್ದೆ. ಕಾಲು ಸಡಿಲ ಆಗಿ ಉರುಳಿಬಿದ್ದಿದ್ದು ಮರೆತುಹೋಯ್ತಾ?"

ಶೆಡ್ಡಿಗೆ ಶೆಡ್ಡೇ ನಗುತ್ತದೆ. ರೊಂಡಾ ನಗುತ್ತಲೇ ತಲೆಮಾರನ್ನು ಹೊಡೆದುಹಾಕಿ, ಅದರ ಮೇಲೆ ಬರೆದುಕೊಳ್ಳುತ್ತಾರೆ: 'ಒಂದು ಸಲ ಕಾಲು ಸಡಿಲವಾಗಿತ್ತು. ಸರಿಮಾಡಿದ್ದೇವೆ.' ನಂಬಿ, ಈ ಮಾತು ಹೀಗೇ ಜಾಲತಾಣಕ್ಕೆ ಹೋಗುತ್ತದೆ.

ಇದು ಅಮೆರಿಕದ ಓಹಾಯೋ ರಾಜ್ಯದ ಹೋಮ್ಸ್ ಕೌಂಟಿ. ಹಳೆಯ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಥದವರ ಮನೆಗಳಿಗೆ ವಿದ್ಯುತ್ ತಂತಿ ಬರುವುದಿಲ್ಲ, ಅಂಗಳದಲ್ಲಿ ಕಾರಿಲ್ಲ, ದೂರವಾಣಿ ಇದ್ದರೆ ಗದ್ದೆಯಂಚಿನ ಮರದ ಗೂಡಿನಲ್ಲಿ. ಕಂಪ್ಯೂಟರ್ ಎಂಬುದು ಹೊಸ್ತಿಲ ಒಳಗೆ ಕಾಲಿಡಬಾರದ ವಸ್ತು. ಆದರೆ ಇವರು ಮಾಡುವ ಮೇಜು ಕುರ್ಚಿಗಳನ್ನು ಕೊಳ್ಳುವವರು ಇರುವುದು ಮಾತ್ರ ಆ ಕಂಪ್ಯೂಟರಿನ ಮುಂದೆಯೇ. ಹಾಗಾಗಿ ಜಾಲತಾಣದ ಕೆಲಸವನ್ನು ಹೊರಗಿನವರು ಮಾಡಿಕೊಡಬೇಕು. ಆಮಿಶರಲ್ಲದ ನಮ್ಮನ್ನೆಲ್ಲ ಇಲ್ಲಿ 'ಇಂಗ್ಲಿಷರು' ಎಂದೇ ಕರೆಯುತ್ತಾರೆ, ನಮ್ಮ ಮುತ್ತಜ್ಜ ಎಲ್ಲಿಂದಲೇ ಬಂದಿರಲಿ. ಐವತ್ತೇಳು ವರ್ಷದ ರೊಂಡಾ ಅಂಥ ಇಂಗ್ಲಿಷರಲ್ಲೊಬ್ಬರು. ಬಡಗಿಗಳಿಗೆ, ಕುದುರೆ ಸಜ್ಜು ಹೊಲಿಯುವವರಿಗೆ, ಗಾದಿ ಮಾಡುವವರಿಗೆ ಈವರೆಗೆ ಮೂವತ್ತೆಂಟು ಜಾಲತಾಣ ಕಟ್ಟಿಕೊಟ್ಟಿದ್ದಾರೆ. ಮೂವತ್ತೆಂಟರಲ್ಲಿ ಒಬ್ಬ ಮಾಲೀಕರೂ ತಮ್ಮದನ್ನು ಕಣ್ಣಿನಿಂದ ನೋಡಿಲ್ಲ.

"ನೋಡಲ್ಲ, ಕೇಳ್ತಾರೆ," ಎನ್ನುತ್ತಾರೆ ರೊಂಡಾ. "ಪ್ರತಿ ಸಾಲು ಓದಿ ಹೇಳ್ಬೇಕು. ಅವರ ಹೆಸರಲ್ಲಿ ಒಂದು ಜಂಬದ ಮಾತು ಹೋದ್ರೂ ಭಾನುವಾರ ಚರ್ಚಲ್ಲಿ ತಲೆ ತಗ್ಗಿಸೋರು ಅವರು, ನಾನಲ್ಲ. 'ಅತ್ಯುತ್ತಮ' ಅಂತ ಒಂದು ಪದ ಹಾಕಿ ನೋಡಿ, ಕೆಂಡ ಮುಟ್ಟಿದಂಗೆ ಆಡ್ತಾರೆ. ಹೊಗಳಿಕೊಳ್ಳದೆ ಮಾರೋದು ಹೆಂಗೆ ಅಂತ ಯಾವ ಕಾಲೇಜಲ್ಲೂ ಹೇಳಿಕೊಡಲ್ಲ ಕಣ್ರೀ."

ರೊಂಡಾ ಕಾಲೇಜಿನ ಕಡೆ ತಲೆಹಾಕಿದವರೇ ಅಲ್ಲ. ರಬ್ಬರ್ ಕಾರ್ಖಾನೆಯಲ್ಲಿ ಪಾತ್ರೆ ಒಣಗಿಸುವ ಜಾಲರಿಯನ್ನು ರಬ್ಬರಿನಲ್ಲಿ ಅದ್ದುತ್ತಿದ್ದರು. ಕಾರ್ಖಾನೆಗೆ ಬೀಗ ಬಿತ್ತು. ಗಂಡ ಅದಕ್ಕೂ ಮೊದಲೇ ಬಿಟ್ಟುಹೋಗಿದ್ದ. ಉಳಿದದ್ದು ಹದಿನೈದು ಸೀಟಿನ ಒಂದು ಹಳೆಯ ವ್ಯಾನು. ಅದರಲ್ಲಿ ಆಮಿಶರನ್ನು ಆಸ್ಪತ್ರೆಗೆ, ಮದುವೆಗೆ, ಮಣ್ಣಿಗೆ ಕರೆದೊಯ್ಯುವ ಕೆಲಸ ಹಿಡಿದರು. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಆ ಕೆಲಸದಲ್ಲಿ ಓಡಿಸುವುದಕ್ಕಿಂತ ಕಾಯುವುದೇ ಹೆಚ್ಚು. ಹೆರಿಗೆಗೆ ಹೋದವರು ಮಗುವಿನ ಜೊತೆ ಬರುವ ತನಕ ಕಾಯಬೇಕು. ಹಾಗೆ ಕಾಯುತ್ತ, ಸ್ಟಿಯರಿಂಗಿಗೆ ಲ್ಯಾಪ್‌ಟಾಪ್ ಆನಿಸಿಕೊಂಡು, ಗ್ರಂಥಾಲಯದ ಉಚಿತ ಪಾಠಗಳನ್ನು ನೋಡಿ ನೋಡಿ ಜಾಲತಾಣ ಕಟ್ಟುವುದನ್ನು ಕಲಿತರು. ಮೊದಲನೆಯದನ್ನು ಕಟ್ಟಿ ಮುಗಿಸಿದ ದಿನ ಚಳಿಗೆ ಬೆರಳು ಸೆಟೆದು ವ್ಯಾನಿನ ಕೀಲಿ ತಿರುಗಿಸಲು ಆಗಲಿಲ್ಲವಂತೆ.

ಆಟ್ಲೀ ರೇಬರ್ ಅವರ ಕತೆ ಶುರುವಾಗುವುದೂ ಅದೇ ವ್ಯಾನಿನಲ್ಲಿ.

ಮೂರು ವರ್ಷದ ಹಿಂದೆ ಪೇಟೆಯ ಸಂಸ್ಥೆಯೊಂದರ ಮಾರಾಟಗಾರ ಆಟ್ಲೀ ಶೆಡ್ಡಿಗೆ ಬಂದಿದ್ದ. ಹೊಳೆಯುವ ಬೂಟು, ಅದಕ್ಕಿಂತ ಹೊಳೆಯುವ ಮಾತು. ಮೊದಲು ಒಂದು ಕಾಸೂ ಬೇಡ, ತಿಂಗಳಿಗೆ ನೂರ ನಲವತ್ತೊಂಬತ್ತು ಡಾಲರ್ ಕೊಟ್ಟರೆ ಸಾಕು, ಮಿಕ್ಕಿದ್ದೆಲ್ಲ ನಮ್ಮದು ಎಂದ. ಆಟ್ಲೀ ಕೈ ಕುಲುಕಿದರು. ಇಲ್ಲಿ ಕೈ ಕುಲುಕಿದರೆ ಕರಾರು ಆದಂತೆ. ಮರದ ವ್ಯಾಪಾರಿಯ ಜೊತೆಗೂ ಹಾಗೆಯೇ, ಕುದುರೆ ವ್ಯಾಪಾರಿಯ ಜೊತೆಗೂ ಹಾಗೆಯೇ. ಮಿಕ್ಕಿದ್ದೆಲ್ಲ ನಮ್ಮದು ಎಂಬ ಮಾತನ್ನು ಆ ಮನುಷ್ಯ ಅಕ್ಷರಶಃ ಹೇಳಿದ್ದ ಎಂದು ಯಾರಿಗೆ ಗೊತ್ತು?

ಜಾಲತಾಣ ಬಂತು, ಬೇಡಿಕೆಗಳೂ ಬಂದವು. ಎರಡು ವರ್ಷ ಎಲ್ಲ ಸುಸೂತ್ರ. ಒಂದು ದಿನ ಆಟ್ಲೀ ಅವರ ಹೆಂಡತಿ ಓರ್ಫಾ ಅವರನ್ನು ರೊಂಡಾ ಹಲ್ಲಿನ ವೈದ್ಯರ ಬಳಿ ಕರೆದೊಯ್ದಿದ್ದರು. ಹೊರಗೆ ಕಾಯುತ್ತ, ಬೇಸರಕ್ಕೆ, ರೇಬರ್ ಅವರ ಜಾಲತಾಣ ತೆರೆದರು. ಅಲ್ಲಿ 'ಕುಶಲಕರ್ಮಿ ಆಟ್ಲೀ' ಎಂಬ ಹೆಸರಿನ ಕೆಳಗೆ ಹುಲ್ಲು ಟೋಪಿ ಹಾಕಿದ ಒಬ್ಬ ಗಡ್ಡದ ಗಂಡಸು ನಗುತ್ತ ನಿಂತಿದ್ದ. ಅವನಿಗೆ ಇಷ್ಟು ದಪ್ಪ ಮೀಸೆ!

ಇಲ್ಲಿ ಮದುವೆಯಾದ ಗಂಡಸಿಗೆ ಗಡ್ಡ ಕಡ್ಡಾಯ, ಮೀಸೆ ನಿಷಿದ್ಧ. ಫೋಟೋಗೆ ನಿಲ್ಲುವುದಂತೂ ದೂರದ ಮಾತು. ಮೀಸೆ ಬಿಟ್ಟು ಹಲ್ಲು ಕಿರಿದು ಪಟ ತೆಗೆಸಿಕೊಂಡ ಆಮಿಶ್ ಬಡಗಿ ಎಂದರೆ ಜನಿವಾರ ಹಾಕಿಕೊಂಡು ಮೀನು ಮಾರಲು ಕೂತ ಹಾಗೆ. ಎರಡು ವರ್ಷ ಇಡೀ ಅಮೆರಿಕ ಆ ಮೀಸೆಯನ್ನು ನೋಡಿತ್ತು, ಆಟ್ಲೀ ಒಬ್ಬರನ್ನು ಬಿಟ್ಟು.

"ವ್ಯಾನಲ್ಲಿ ಒಬ್ಬಳೇ ಕೂತು ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು," ಎಂದು ರೊಂಡಾ ನೆನೆಯುತ್ತಾರೆ. "ಆಮೇಲೆ ಓರ್ಫಾ ಬಂದ್ಲು. ತಡೀಲಾರದೆ ಹೇಳ್ಬಿಟ್ಟೆ. ಅವಳು ನಗಲಿಲ್ಲ. 'ಆಟ್ಲೀಗೆ ಹೇಳ್ಬೇಡ, ಊಟ ಬಿಡ್ತಾನೆ' ಅಂದ್ಲು. ನನ್ನ ನಗು ಅಲ್ಲೇ ಇಂಗಿಹೋಯ್ತು."

ಹೇಳದೆ ಇರಲು ಆಗಲಿಲ್ಲ. ಆಟ್ಲೀ ಗದ್ದೆಯಂಚಿನ ದೂರವಾಣಿ ಗೂಡಿನಿಂದ ಸಂಸ್ಥೆಗೆ ಕರೆ ಮಾಡಿ, ಆ ಮನುಷ್ಯನನ್ನು ತೆಗೆಯಿರಿ ಎಂದು ವಿನಯದಿಂದ ಕೇಳಿದರು. ಉತ್ತರವಾಗಿ ಹೊಸ ದರ ಬಂತು: ತಿಂಗಳಿಗೆ ಮುನ್ನೂರ ಇಪ್ಪತ್ತು. ಒಪ್ಪದಿದ್ದರೆ ಬಾಗಿಲು ಬಂದ್. ಜಾಲತಾಣದ ಹೆಸರು, ಅಂದರೆ ಜನ ಬೆರಳಿನಿಂದ ಒತ್ತಿ ಹುಡುಕುವ ಆ 'ರೇಬರ್' ಎಂಬ ಹೆಸರು, ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾಗಿತ್ತು. ಆಟ್ಲೀ ಅವರ ಅಜ್ಜನಿಂದ ಬಂದ ಹೆಸರಿಗೆ ಈಗ ಪೇಟೆಯವನು ಯಜಮಾನ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ.

ನನಗೋ ನಿಮಗೋ ಹೀಗಾಗಿದ್ದರೆ ವಕೀಲರ ಬಾಗಿಲು ತಟ್ಟುತ್ತಿದ್ದೆವು. ಆಮಿಶರು ಕೋರ್ಟಿಗೆ ಹೋಗುವುದಿಲ್ಲ. ಅನ್ಯಾಯ ಮಾಡಿದವನ ಮೇಲೂ ದಾವೆ ಹೂಡಬಾರದು ಎಂಬುದು ಅವರ ನೇಮ. ಆ ಮಾರಾಟಗಾರನಿಗೆ ಅದು ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಗುಮಾನಿ, ನೆನೆದರೆ ಈಗಲೂ ಮೈ ಉರಿಯುತ್ತದೆ. ಆಟ್ಲೀ ದುಡ್ಡು ಹೆಚ್ಚಿಸಲಿಲ್ಲ, ಜಗಳವನ್ನೂ ಆಡಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಜಾಲತಾಣ ಕತ್ತಲಾಯಿತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಜನ ದೊಡ್ಡ ಮೇಜು ಕೊಳ್ಳುವ ಕಾಲ ಅದು. ಶೆಡ್ಡಿನ ವರ್ಷದ ಅನ್ನ ಆ ಎರಡು ತಿಂಗಳಲ್ಲೇ ಬೇಯಬೇಕು. ಗೂಡಿನ ದೂರವಾಣಿ ಮೌನ ಹಿಡಿಯಿತು. ಅಕ್ಟೋಬರ್ ಮುಗಿಯುವುದರೊಳಗೆ ಬೇಡಿಕೆ ಬರದಿದ್ದರೆ ಆರು ಜನರಲ್ಲಿ ಮೂವರನ್ನು ಬಿಡಬೇಕಾಗುತ್ತದೆ ಎಂದು ಆಟ್ಲೀ ಊಟದ ಮೇಜಿನಲ್ಲಿ ಹೇಳಿದರು. ಆ ಮೂವರಲ್ಲಿ ಗಂಡನನ್ನು ಕಳೆದುಕೊಂಡು ನಾಲ್ಕು ಮಕ್ಕಳನ್ನು ಸಾಕುತ್ತಿರುವ ತಂಗಿ ವರ್ನಾ ಕೂಡ ಇದ್ದರು.

ಮರುದಿನವೇ ರೊಂಡಾ ಓರ್ಫಾ ಅವರ ಅಡುಗೆಮನೆಯಲ್ಲಿ ಬಂದು ಕೂತರು. ಅವರು ಹೇಳಿದ ಬೆಲೆ ಕೇಳಿ ಆಟ್ಲೀ ಅವರ ಕೈಯ ಸೇಬಿನ ಪೈ ತುಂಡು ಬಾಯಿಗೆ ಹೋಗಲಿಲ್ಲ. ಮೂರು ಸಾವಿರದ ನಾನೂರು ಡಾಲರ್.

"ಕೈಯಲ್ಲಿ ಮುಟ್ಟೋಕೆ ಬರಲ್ಲ, ಕಣ್ಣಲ್ಲಿ ನಾನು ನೋಡಲ್ಲ. ಅದಕ್ಕೆ ಅಷ್ಟು ದುಡ್ಡಾ? ಅವನು ಏನೂ ಬೇಡ ಅಂದಿದ್ದ."

"ಏನೂ ಬೇಡ ಅಂದು ಎರಡು ವರ್ಷಕ್ಕೆ ಮೂರೂವರೆ ಸಾವಿರ ಮೀರಿ ಕಿತ್ಕೊಂಡ. ಲೆಕ್ಕ ಹಾಕು. ಅಷ್ಟು ಕೊಟ್ಟು ಕೊನೆಗೆ ನಿನ್ನ ಕೈಲಿ ಉಳಿದಿದ್ದೇನು? ಒಂದು ಮೀಸೆ. ಅದೂ ಬೇರೆಯವರದ್ದು." ರೊಂಡಾ ಕಾಫಿ ಹೀರಿದರು. "ನಿನ್ನ ಮೇಜು ಮೂರು ಸಾವಿರ. ಅದೇ ತರ ಕಾಣೋದು ಪೇಟೇಲಿ ಆರುನೂರಕ್ಕೆ ಸಿಗುತ್ತಲ್ಲ ಅಂತ ಗಿರಾಕಿ ಕೇಳಿದ್ರೆ ಏನು ಹೇಳ್ತೀಯ?"

"ತಿರುಗಿಸಿ ಅಡಿ ನೋಡಿ ಅಂತೀನಿ."

"ವೆಬ್‌ಸೈಟಿಗೂ ಅಡಿ ಇರುತ್ತೆ ಆಟ್ಲೀ. ತಿರುಗಿಸ್ತೀನಿ, ನೋಡು."

ಆಮೇಲೆ ಅವರು ಹೇಳಿದ್ದನ್ನು, ಅಂಗಡಿ ಇಟ್ಟುಕೊಂಡಿರುವ ಯಾರೇ ಆದರೂ ಕಿವಿಗೊಟ್ಟು ಕೇಳಬೇಕು. ಹೆಸರಿಗೆ ವರ್ಷಕ್ಕೆ ಬರೀ ಹದಿನೆಂಟು ಡಾಲರ್, ಎಲ್ಲಕ್ಕಿಂತ ಅಗ್ಗ, ಆದರೆ ಕಳೆದುಕೊಂಡರೆ ಎಲ್ಲಕ್ಕಿಂತ ದುಬಾರಿ. ಜಾಲತಾಣ ಕೂತಿರುವ ಜಾಗದ ಬಾಡಿಗೆ ವರ್ಷಕ್ಕೆ ಇನ್ನೂರರ ಆಸುಪಾಸು. ಗೋಡೆ ಬಾಗಿಲು ನಿಲ್ಲಿಸುವ ಕೆಲಸಕ್ಕೆ ಒಂದಿಷ್ಟು, ಈಗ ಅದನ್ನು ಸಿದ್ಧ ಹಲಗೆ ಜೋಡಿಸಿದಂತೆ ಬೇಗ ಮಾಡಬಹುದು. ಹೇಳಿದ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಹೋಗುವುದು ಮಾತಿಗೆ ಮತ್ತು ಚಿತ್ರಕ್ಕೆ.

"ಮಾತಿಗಾ?" ಎಂದರು ಆಟ್ಲೀ. "ಮಾತು ಪುಕ್ಕಟೆ ಅಲ್ವಾ?"

"ಪುಕ್ಕಟೆ ಮಾತು ಹಾಕಿದ್ದಕ್ಕೇ ನಿಂಗೆ ಮೀಸೆ ಬಂದಿದ್ದು. ನಾನು ಎಂಟು ದಿನ ಬೆಳಿಗ್ಗೆ ಬಂದು ನಿನ್ನ ಶೆಡ್ಡಲ್ಲಿ ನಿಂತ್ಕೊಳ್ಬೇಕು. ಗಿರಾಕಿ ಏನು ಕೇಳ್ತಾರೆ, ನೀನು ಏನು ಹೇಳ್ತೀಯ, ಯಾವ ಮರಕ್ಕೆ ಬೇಡ ಅಂತೀಯ, ಎಲ್ಲ ಕೇಳಿಸ್ಕೋಬೇಕು. ಬರೆದು, ಓದಿ, ನೀನು ಬೈದು, ತಿದ್ದಿ, ಮತ್ತೆ ಓದ್ಬೇಕು. ಇದು ನಿನ್ನ ರಂದ ಹೊಡೆಯೋ ಕೆಲಸ. ಇದನ್ನ ಬಿಟ್ರೆ ಅಗ್ಗ ಆಗುತ್ತೆ. ಬಿಡ್ಲಾ?"

ಆಟ್ಲೀ ಪೈ ತುಂಡನ್ನು ತಟ್ಟೆಗೆ ಇಟ್ಟರು. "ರಂದ ಬಿಡ್ಬೇಡ," ಎಂದು ಕೈ ಚಾಚಿದರು. ರೊಂಡಾ ಕೈ ಕುಲುಕಲಿಲ್ಲ. "ಮೊದಲು ಕಾಗದ," ಎಂದರು. "ಹೆಸರು ನಿನ್ನದು, ಕೀಲಿ ನಿನ್ನ ಹತ್ರ, ನಾನು ಬೇಡ ಅನ್ನಿಸಿದ ದಿನ ನೀನು ಬೇರೆಯೋರ ಹತ್ರ ಹೋಗ್ಬಹುದು ಅಂತ ಬರೆದು ರುಜು ಹಾಕ್ತೀನಿ. ಆಮೇಲೆ ಎಷ್ಟು ಬೇಕಾದ್ರೂ ಕುಲುಕು." ಚರ್ಚಿನ ಬಿಷಪ್ಪರು ಎರಡು ದಿನ ಯೋಚಿಸಿ ಒಪ್ಪಿದರು. ಹೆಸರು ಆಟ್ಲೀಯದಿರಲಿ, ಪರದೆ ರೊಂಡಾ ಮನೆಯಲ್ಲೇ ಇರಲಿ ಎಂದರಂತೆ.

ಹೊಸ ಹೆಸರಿನಲ್ಲಿ ಹೊಸ ಜಾಲತಾಣ ತಯಾರಾಯಿತು. ಮುಖಗಳ ಚಿತ್ರವಿಲ್ಲ, ಕೈಗಳ ಚಿತ್ರವಿದೆ, ಮಗುಚಿ ಹಾಕಿದ ಮೇಜಿನ ಅಡಿಯ ಚಿತ್ರವಿದೆ. 'ಚಳಿಗಾಲದಲ್ಲಿ ಈ ಮೇಜು ತುಸು ಕುಗ್ಗುತ್ತದೆ, ಬೇಸಿಗೆಯಲ್ಲಿ ಹಿಗ್ಗುತ್ತದೆ. ಮರದ ಸ್ವಭಾವ ಅದು' ಎಂಬಂಥ ಮಾತುಗಳಿವೆ. ಬೆಣ್ಣೆಯಂಥ ಕೆಲಸ. ಆದರೆ ಅದು ಇದೆಯೆಂದು ಒಂದು ನರಪಿಳ್ಳೆಗೂ ಗೊತ್ತಿಲ್ಲ! ಹಳೆಯ ಹೆಸರು ಒತ್ತಿದವರಿಗೆ ಕತ್ತಲೆ, ಹೊಸ ಹೆಸರು ಒತ್ತಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಜಾಹೀರಾತಿಗೆ ದುಡ್ಡಿರಲಿಲ್ಲ. ಅಕ್ಟೋಬರ್ ಕಾಲಿಟ್ಟಿತ್ತು.

ರೊಂಡಾ ಅವರಿಗೆ ಉಪಾಯ ಹೊಳೆದದ್ದು ಹದಿನಾಲ್ಕು ವರ್ಷದ ವ್ಯಾನಿನ ಬದುಕಿನಿಂದ. ಇಲ್ಲಿ ಯಾರಾದರೂ ಹಾಸಿಗೆ ಹಿಡಿದರೆ 'ಕಾರ್ಡಿನ ಮಳೆ' ಸುರಿಸುತ್ತಾರೆ. ಗುರುತಿರಲಿ ಇಲ್ಲದಿರಲಿ, ಎಲ್ಲೆಲ್ಲಿಂದಲೋ ಆಮಿಶರು ಕೈಬರಹದ ಕಾರ್ಡು ಕಳಿಸುತ್ತಾರೆ, ರೋಗಿಯ ಅಂಚೆಪೆಟ್ಟಿಗೆ ಉಕ್ಕುತ್ತದೆ. ಅಂಥ ಕಾರ್ಡುಗಳ ಮೂಟೆಯನ್ನು ರೊಂಡಾ ಎಷ್ಟೋ ಸಲ ಆಸ್ಪತ್ರೆಗೆ ಹೊತ್ತಿದ್ದಾರೆ.

"ಈ ಮಳೆನ ಹಿಂದು ಮುಂದು ಮಾಡೋಣ ಓರ್ಫಾ," ಎಂದರು. "ಕಾಯಿಲೆ ಬಿದ್ದೋರು ನಾವು. ನಾವೇ ಕಾರ್ಡು ಹಾಕೋಣ."

ಈವರೆಗೆ ಮಾರಿದ ಪ್ರತಿ ಮೇಜನ್ನೂ ಆಟ್ಲೀ ಗಿರಾಕಿಯ ಮನೆಗೇ ತಲುಪಿಸಿದ್ದರಿಂದ ವಿಳಾಸಗಳಿಗೆ ಕೊರತೆಯಿರಲಿಲ್ಲ. ಒಂದು ಗುರುವಾರ ಓರ್ಫಾ ಅವರ ಅಡುಗೆಮನೆಯಲ್ಲಿ ಇಪ್ಪತ್ತಾರು ಹೆಂಗಸರು ಸೇರಿದರು. ಅಂಚೆ ಚೀಟಿ ತಾವೇ ತಂದಿದ್ದರು, ಕಾರ್ಡಿನ ಮಳೆಯ ಪದ್ಧತಿಯೇ ಹಾಗೆ. ಶೆಡ್ಡಿನಿಂದ ಮೂರು ಮೇಜು ಒಳಗೆ ಬಂದವು. ಬೀಟ್‌ರೂಟಿನ ಉಪ್ಪಿನಕಾಯಿ, ನೂಡಲ್, ಸೇಬಿನ ಪೈ. ನಾನೂ ಹೋಗಿದ್ದೆ, ನನ್ನ ಅಕ್ಷರ ಕಂಡು ವರ್ನಾ ನನ್ನನ್ನು ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಒಂದೊಂದು ಕಾರ್ಡಿನಲ್ಲೂ ಮೂರೇ ಮಾತು: ನಿಮ್ಮ ಮೇಜು ಹೇಗಿದೆ? ಏನಾದರೂ ಸಡಿಲವಾಗಿದ್ದರೆ ತಿಳಿಸಿ. ನಮ್ಮ ಹೊಸ ವಿಳಾಸ ಇದು. ಕೆಳಗೆ ಜಾಲತಾಣದ ಹೆಸರು. ಜನ್ಮದಲ್ಲಿ ಪರದೆ ಮುಟ್ಟದ ಹೆಂಗಸರು ಅದನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು.

ಎಂಬತ್ತು ದಾಟಿದ ಫ್ಯಾನಿ ಅಜ್ಜಿ ಪೆನ್ನು ಎತ್ತಿ ಕೇಳಿದರು, "ಹೆಸರಿನ ನಡುವೆ ಈ ಚುಕ್ಕಿ ಇಡಲೇಬೇಕಾ?"

"ಇಡಲೇಬೇಕು ಅಜ್ಜಿ. ಚುಕ್ಕಿ ಬಿಟ್ರೆ ಅಂಗಡಿ ಸಿಗಲ್ಲ."

"ಅಷ್ಟು ಸಣ್ಣ ಮೊಳೆ ಮೇಲೆ ಅಷ್ಟು ದೊಡ್ಡ ಅಂಗಡಿ ನೇತು ಹಾಕಿದ್ದೀರಾ?" ಎಂದು ಅಜ್ಜಿ, ಚುಕ್ಕಿಯನ್ನು ಒತ್ತಿ ಒತ್ತಿ ಇಟ್ಟರು.

ಸಂಜೆಯ ಹೊತ್ತಿಗೆ ಸಾವಿರಕ್ಕೂ ಮಿಕ್ಕಿ ಕಾರ್ಡು ಅಂಚೆಗೆ ಬಿದ್ದಿದ್ದವು. ಒಂದು ವಾರ ಉಸಿರಿಲ್ಲ. ಆಟ್ಲೀ ದಿನಾ ಮಧ್ಯಾಹ್ನ ಗೂಡಿಗೆ ಹೋಗಿ, ಫೋನಿನ ಸಂದೇಶ ಪೆಟ್ಟಿಗೆಯಲ್ಲಿ ಏನಾದರೂ ಬಂದಿದೆಯೇ ಎಂದು ಕೇಳಿ, ಬರಿಗೈಲಿ ವಾಪಸಾಗುತ್ತಿದ್ದರು. ವರ್ನಾ ಆಗಲೇ ಬೇರೆ ಕಡೆ ಪಾತ್ರೆ ತೊಳೆಯುವ ಕೆಲಸ ವಿಚಾರಿಸಿಯಾಗಿತ್ತು.

ಆ ವಾರ ಕಳೆದು ಬಂದ ಮಂಗಳವಾರ ಮಧ್ಯಾಹ್ನ ಶೆಡ್ಡಿನವರು ಹಿಂದೆಂದೂ ಕಾಣದ ದೃಶ್ಯವೊಂದನ್ನು ಕಂಡರು. ಕೊಯ್ದ ಜೋಳದ ಕೂಳೆಯ ಮೇಲೆ ಆಟ್ಲೀ ಓಡಿ ಬರುತ್ತಿದ್ದರು. ನೂರಿಪ್ಪತ್ತು ಕಿಲೋ ಆಳು, ಟೋಪಿ ಒಂದು ಕೈಯಲ್ಲಿ!

"ಪೆಟ್ಟಿಗೆ ತುಂಬೋಯ್ತಂತೆ!" ಎಂದು ಕೂಗಿದರು. "ಇನ್ನು ಸಂದೇಶ ಹಿಡಿಸಲ್ಲ ಅಂತಿದೆ ಫೋನು! ಎಂಜಿನ್ ನಿಲ್ಸಿ, ಎಂಜಿನ್ ನಿಲ್ಸಿ!"

ಹಳೆಯ ಗಿರಾಕಿಗಳು ಸುಮ್ಮನೆ ಕೂತಿರಲಿಲ್ಲ. ಕೈಬರಹದ ಕಾರ್ಡು ಬಂದದ್ದೇ ಅವರಿಗೊಂದು ಹಬ್ಬ. ಮೇಜು ಹೇಗಿದೆ ಎಂದು ಮಾರಿದವರೇ ಕೇಳುವುದುಂಟೇ? ಕಾರ್ಡನ್ನು ನೆರೆಯವರಿಗೆ ತೋರಿಸಿದರು, ಅಕ್ಕತಂಗಿಯರಿಗೆ ಹೇಳಿದರು, ಮಕ್ಕಳು ಮೊಮ್ಮಕ್ಕಳು ಸುತ್ತ ಕೂತ ಮೇಜಿನ ಚಿತ್ರ ತೆಗೆದು ರೊಂಡಾ ಅವರಿಗೆ ಕಳಿಸಿದರು. ಮೂರು ಮೇಜುಗಳ ಕಾಲು ಸಡಿಲವಾಗಿದ್ದು ಗೊತ್ತಾಗಿ, ಆಟ್ಲೀ ಮೂರನ್ನೂ ಹೋಗಿ ಸರಿಮಾಡಿ ಬಂದರು. ಬೇಡಿಕೆಗಳು ಈಸ್ಟರ್ ತನಕ ಸಾಲುಗಟ್ಟಿದವು. ಆರು ಜನರಲ್ಲಿ ಒಬ್ಬರನ್ನೂ ಬಿಡಲಿಲ್ಲ, ಈಗ ಎಂಟಾಗಿದ್ದಾರೆ. ಹೊಸದಾಗಿ ಬಂದ ಇಬ್ಬರಿಗೆ ಎಣ್ಣೆ ಹಚ್ಚುವುದನ್ನು ಕಲಿಸುತ್ತಿರುವವರು ವರ್ನಾ, ಬೈಯುವುದರಲ್ಲಿ ಅಣ್ಣನನ್ನೂ ಮೀರಿಸಿದ್ದಾರೆ.

ಪೇಟೆಯವನಿಗೂ ಸುದ್ದಿ ಮುಟ್ಟಿತು. ಹಳೆಯ ಹೆಸರು ಬೇಕಿದ್ದರೆ ಐದು ಸಾವಿರಕ್ಕೆ ಕೊಡುತ್ತೇನೆ ಎಂದು ರೊಂಡಾ ಅವರಿಗೆ ಕರೆ ಮಾಡಿದ. "ನೀನೇ ಇಟ್ಕೊಳಪ್ಪಾ, ಮೀಸೆ ಜೊತೆ ಜೋಪಾನ," ಎಂದು ಇವರು ಫೋನಿಟ್ಟರು. ಮುಂದಿನ ತಿಂಗಳು ಒಂಬೈನೂರಕ್ಕೆ ಇಳಿದ. ಆಮೇಲೆ ಸದ್ದಿಲ್ಲ. ಯಾರೂ ಕೊಳ್ಳದ ಹೆಸರಿಗೆ ಅವನು ತಾನೇ ಯಾಕೆ ವರ್ಷ ವರ್ಷ ಕಟ್ಟಾನು? ಈ ಮಾರ್ಚಿನಲ್ಲಿ ಅವಧಿ ಮುಗಿದು, ಹೆಸರು ಬೀದಿಗೆ ಬಿತ್ತು. ದಿನಾ ಬೆಳಿಗ್ಗೆ ಕಾಯುತ್ತಿದ್ದ ರೊಂಡಾ ತಟ್ಟನೆ ಎತ್ತಿಕೊಂಡರು. ಹದಿನೆಂಟು ಡಾಲರ್.

"ಸೀದಾ ವ್ಯಾನ್ ತಗೊಂಡು ಹೋದೆ. 'ಆಟ್ಲೀ, ನಿನ್ನ ಅಜ್ಜನ ಹೆಸರು ಮನೆಗೆ ಬಂತು' ಅಂದೆ. ಅವನು ಎಂಜಿನ್ ಹತ್ರ ಹೋಗಿ, ನಮಗೆ ಬೆನ್ನು ಹಾಕಿ, ಇಲ್ಲದ ಎಣ್ಣೆ ಒರೆಸ್ತಾ ನಿಂತ. ನಾನೂ ಮುಖ ನೋಡೋಕೆ ಹೋಗಲಿಲ್ಲ."

ಜಾಲತಾಣದ ಕೀಲಿ, ಅಂದರೆ ಅದರೊಳಗೆ ಹೋಗುವ ಗುಪ್ತಪದ, ಮಾಲೀಕರ ಬಳಿಯೇ ಇರಬೇಕೆಂಬುದು ರೊಂಡಾ ಅವರ ಹಟ. "ನಾಳೆ ನಂಗೆ ಟ್ರಕ್ಕು ಗುದ್ದಿದ್ರೆ ಮೂವತ್ತೆಂಟು ಅಂಗಡಿ ಬಾಗಿಲು ಹಾಕ್ಬೇಕಾ?" ಎಂದು ಕೇಳುತ್ತಾರೆ. ಕಾಗದದಲ್ಲಿ ಬರೆದುಕೊಟ್ಟರೆ ಆಟ್ಲೀ ಒಪ್ಪಲಿಲ್ಲ. ಕಾಗದ ಹರಿಯುತ್ತದೆ, ಇಲಿ ತಿನ್ನುತ್ತದೆ. ಉಳಿ ತೆಗೆದುಕೊಂಡು, ಒಂದು ಮೇಜನ್ನು ಮಗುಚಿ, ಅದರ ಅಡಿಯಲ್ಲಿ ಅಷ್ಟೂ ಅಕ್ಷರವನ್ನು ಅಚ್ಚುಕಟ್ಟಾಗಿ ಕೆತ್ತಿಬಿಟ್ಟರು. ಯಾವ ಮೇಜು ಎಂದು ನನ್ನನ್ನು ಕೇಳಬೇಡಿ. ಆ ಮನೆಯಲ್ಲೂ ಶೆಡ್ಡಿನಲ್ಲೂ ಮೇಜಿಗೇನು ಬರವೇ?

ಕಿಟಕಿಯಲ್ಲಿ ಈಗ ಬೆಳಕು ಹರಿದಿದೆ. ಬೆಂಚಿನ ಪುಟ ಓದಿ ಮುಗಿದಿದೆ. ಎಂಟು ಜನ ಕಾಫಿ ಲೋಟ ಕೆಳಗಿಡುತ್ತಾರೆ. ಈ ಬೆಳಿಗ್ಗೆ ಓದು ಕೇಳಿದವರು ಆರೇ, ಹೊಸಬರಿಬ್ಬರು ಈಗಷ್ಟೇ ಬಂದು ತಡವಾದದ್ದಕ್ಕೆ ವರ್ನಾ ಅವರಿಂದ ಬೈಸಿಕೊಂಡಿದ್ದಾರೆ. ರೊಂಡಾ ಹಾಳೆ ಮಡಚಿ ಕೋಟಿನ ಜೇಬಿಗೆ ತುರುಕುತ್ತಾರೆ. ಇಲ್ಲಿಂದ ಗಾದಿ ಮಾಡುವವರ ಮನೆಗೆ ಹೋಗಿ ಇನ್ನೊಂದು ಓದು ಒಪ್ಪಿಸಬೇಕು, ಮಧ್ಯಾಹ್ನ ಯಾರನ್ನೋ ಆಸ್ಪತ್ರೆಗೆ ಬಿಡಬೇಕು. ವ್ಯಾನಿನ ಕೆಲಸವನ್ನು ಅವರು ಇನ್ನೂ ಬಿಟ್ಟಿಲ್ಲ.

"ಇಷ್ಟು ಚೆನ್ನಾಗಿ ಕಟ್ತೀರಿ. ಒಬ್ಬರಾದ್ರೂ ಒಂದ್ಸಲ ನೋಡಿ ಭೇಷ್ ಅನ್ನಲಿ ಅಂತ ಆಸೆ ಆಗಲ್ವಾ?" ಎಂದು ಕೇಳಿದೆ.

ರೊಂಡಾ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಿಂದೆ ಆಟ್ಲೀ ಎಂಜಿನ್ನಿನ ಹಿಡಿಗೆ ಕೈ ಹಾಕಿದ್ದರು.

"ನೋಡಿ ನಂಬೋರು ಬೀದಿಗೆ ಹತ್ತು ಜನ ಸಿಗ್ತಾರೆ ಕಣ್ರೀ. ನೋಡ್ದೆ ನಂಬಿರೋರು ನಂಗೆ ಮೂವತ್ತೆಂಟು ಜನ ಇದ್ದಾರೆ."